ಸೊಸೆಯ ಮೀನಖಂಡ

ಬಿದ್ದೇ ಇಲ್ಲವಂತೆ. ಅಷ್ಟು ಕೇಳಿದ್ದೇ ತಡ, ನನಗೆ ಗುಮಾನಿ ಶುರುವಾಯಿತು.

ಜಪಾನಿನ ನಾಗಾನೊದ ಈ ಬೆಟ್ಟದೂರಿನಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಕೈಕಾಲು ಮುರಿದುಕೊಂಡವರಿಗೇನೂ ಬರವಿಲ್ಲ. ನಮ್ಮ ವಸತಿಗೃಹದಲ್ಲಿರುವುದು ಆರೇ ಕೋಣೆ. ಆದರೂ ಪ್ರತಿ ಚಳಿಗಾಲ ಒಬ್ಬರಾದರೂ ತೋಳನ್ನು ಕೊರಳಿಗೆ ಕಟ್ಟಿಕೊಂಡು ಊಟಕ್ಕೆ ಕೂರುತ್ತಾರೆ, ನಾನು ಅವರಿಗೆ ಮೀನಿನ ಮುಳ್ಳು ಬಿಡಿಸಿಕೊಡುತ್ತೇನೆ. ಅವರೆಲ್ಲ ಹಿಮದ ಇಳಿಜಾರಿನಲ್ಲಿ ಜಾರುವಾಗ ಬಿದ್ದವರು, ಮರಕ್ಕೆ ಗುದ್ದಿದವರು, ಇಲ್ಲವೇ ಹೆಂಡತಿಯ ಮುಂದೆ ಹಾರಲು ಹೋದವರು. ನನ್ನ ಸೊಸೆ ಹಿನಾಕೊ ಒಬ್ಬಳೇ ಸಮತಟ್ಟು ನೆಲದಲ್ಲಿ, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿಗೆ ಕಾಯುವ ಸಾಲಿನಲ್ಲಿ ಕಾಲು ನೋಯಿಸಿಕೊಂಡು ಬಂದವಳು.

ಗುರುವಾರ ಮಧ್ಯಾಹ್ನ ಹಿಂಬಾಗಿಲಿನಿಂದ ಗೋಡೆ ಹಿಡಿದುಕೊಂಡು ಒಳಗೆ ಬಂದು, ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ನಡೆದದ್ದನ್ನು ಹೇಳಿದಳು. ಲಿಫ್ಟಿನ ಹತ್ತಿರ ಹೋಗುವಾಗ ಎರಡೂ ಕಾಲಿಗೆ ಕಟ್ಟಿಕೊಂಡು ಜಾರುವ ಸ್ನೋಬೋರ್ಡ್ ಹಲಗೆಯಿಂದ ಹಿಂದಿನ ಕಾಲನ್ನು ಬಿಚ್ಚಿಕೊಂಡು, ಆ ಕಾಲಿನಿಂದ ನೆಲ ಒದೆಯುತ್ತ ಸಾಗಬೇಕಲ್ಲ, ಹಾಗೆ ಒದೆಯುವಾಗ ಕಾಲಡಿಯ ಹಿಮ ಗಟ್ಟಿ ಮಂಜುಗಡ್ಡೆಯಾಗಿತ್ತಂತೆ. ಪಾದ ಹಿಂದಕ್ಕೆ ಜಾರಿ, ಎಡ ಮೀನಖಂಡದೊಳಗೆ ಟಪ್ ಎಂದಿತಂತೆ. ಹಿಂದಿನಿಂದ ಯಾರೋ ಒದ್ದರೆಂದು ತಿರುಗಿ ನೋಡಿದರೆ ಯಾರೂ ಇಲ್ಲ. ಬೆಟ್ಟದ ರಕ್ಷಣಾ ತಂಡದವನೊಬ್ಬ ಕಾಲನ್ನು ಮುಟ್ಟಿ ನೋಡಿ, ಸ್ನಾಯು ಸ್ವಲ್ಪ ಹರಿದಿರಬೇಕು, ಪಟ್ಟಿ ಸುತ್ತಿ ಐಸ್ ಇಡು, ಕಾಲು ಎತ್ತರದಲ್ಲಿಟ್ಟುಕೋ, ಮೂರು ದಿನ ಬಿಸಿ ತಾಗಿಸಬೇಡ, ತಿಕ್ಕಬೇಡ, ಜೋಪಾನ ಮಾಡಿದರೆ ನಾಲ್ಕು ವಾರದಲ್ಲಿ ಬೋರ್ಡು ಹತ್ತಬಹುದು ಎಂದಿದ್ದನಂತೆ.

ನಾಲ್ಕು ವಾರ ಎನ್ನುವಾಗ ಅವಳ ಮುಖ ಸ್ವಲ್ಪ ಅರಳಿತು. ನಾನು ಅದನ್ನೂ ಗಮನಿಸಿದೆ. ಸ್ನೋಬೋರ್ಡು ಕಲಿಸುವ ಶಿಕ್ಷಕರ ಪರೀಕ್ಷೆಗೆ ಐದು ವಾರವಿತ್ತು. ಹಿಂದಿನ ಎರಡು ಚಳಿಗಾಲ ಪರೀಕ್ಷೆಗೆ ನಿಂತು ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿತ್ತು. ಒಸಾಕಾದ ಒಳ್ಳೆಯ ಕೆಲಸ ಬಿಟ್ಟು ನನ್ನ ಮಗನನ್ನು ಕಟ್ಟಿಕೊಂಡು ಈ ಹಿಮದ ಗುಂಡಿಗೆ ಬಂದವಳಿಗೆ ತನ್ನದು ಎಂದು ಇದ್ದದ್ದು ಆ ಪರೀಕ್ಷೆಯೊಂದೇ. ಈ ಸಲ ಪಾಸಾದರೆ ಬೆಟ್ಟದ ಶಾಲೆಯಲ್ಲಿ ಮಕ್ಕಳ ತರಗತಿ ಕೊಡುತ್ತೇವೆಂದು ಅಲ್ಲಿಯ ಮುಖ್ಯಸ್ಥರು ಮಾತು ಕೊಟ್ಟಿದ್ದರು. ಅದಾದ ಮೇಲೆ ಅವಳು ಅಕ್ಕಿ ತೊಳೆಯುವಾಗಲೂ ಮೊಣಕಾಲು ಬಗ್ಗಿಸಿ ನಿಂತು ಅಭ್ಯಾಸ ಮಾಡುತ್ತಿದ್ದಳು.

ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಲೆಕ್ಕ. ಮಾರನೆಯ ದಿನ ಶುಕ್ರವಾರ, ಊರವರೆಲ್ಲ ಸೇರಿ ಬಳಸುವ ಬಿಸಿನೀರಿನ ಸ್ನಾನದ ಮನೆಯ ಚಾವಣಿಯಿಂದ ಹಿಮ ಇಳಿಸುವ ಸರದಿ ನಮ್ಮ ಕೇರಿಯದು. ಮನೆಗೊಬ್ಬರು ಸಲಿಕೆ ಹಿಡಿದು ಬರಲೇಬೇಕು. ಮೂವತ್ತು ವರ್ಷದಿಂದ ನಾನು ಹೋಗುತ್ತಿದ್ದೆ, ಈ ವರ್ಷ ಮೊದಲ ಸಲ ಹಿನಾಕೊ ಹೆಸರು ಕೊಟ್ಟಿದ್ದೆವು. ಪರೀಕ್ಷೆಗೆ ಗುಣವಾಗುವಂಥ, ಆದರೆ ಚಾವಣಿ ಹತ್ತಲಾಗದಂಥ ನೋವು. ಇಷ್ಟು ಅಳತೆ ನೋಡಿಕೊಂಡು ಬರುವ ನೋವನ್ನು ನಾನೆಲ್ಲೂ ಕಂಡಿರಲಿಲ್ಲ.

ಮಗ ತೊಮೊಯಾ ಬೆಳಗಿನ ಜಾವ ಬೆಟ್ಟದ ಇಳಿಜಾರಿನಲ್ಲಿ ಹಿಮ ಹದ ಮಾಡುವ ಯಂತ್ರ ಓಡಿಸಿ, ಹಗಲು ಮಲಗುವವನು. ಅವನನ್ನು ಎಬ್ಬಿಸಿ ಕೇಳಿದರೆ ಅವಳು ಸುಳ್ಳು ಹೇಳುವವಳಲ್ಲ ಎಂದು ಮುಸುಕೆಳೆದುಕೊಂಡ. ಹೆಂಡತಿ ಗುಲಾಮ ಎಂದು ಬೈದು ಬಾಗಿಲು ಹಾಕಿಕೊಂಡು ಬಂದೆ.

ಶುಕ್ರವಾರ ಅರುವತ್ತೊಂದರ ಈ ಮುದುಕಿಯೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಚಾವಣಿ ಹತ್ತಿದಳು. ಪಕ್ಕದ ಮನೆಯ ಕಿನು-ಸಾನ್ ನನಗಿಂತ ಹತ್ತು ವರ್ಷ ದೊಡ್ಡವಳು, ಅದಕ್ಕೇ ಹೆಸರಿಗೊಂದು ಮರ್ಯಾದೆಯ ಸಾನ್. ಅವಳು ಕೆಳಗೆ ನಿಂತು ಹಿಮದ ರಾಶಿ ಸರಿಸುತ್ತ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಏನೇ ಫುಸಾಎ, ಸೊಸೆ ಎಲ್ಲಿ?"

"ಕಾಲು ನೋವಂತೆ ಅಕ್ಕ."

"ಪಾಪ. ನೋವೂ ಒಳ್ಳೆ ದಿನ ನೋಡ್ಕೊಂಡೇ ಬಂದಿದೆ ಬಿಡು."

ನಾಲ್ಕು ಮನೆಯವರು ನಕ್ಕರು. ನಾನೂ ನಕ್ಕು, ಸಲಿಕೆಯನ್ನು ಹಿಮಕ್ಕೆ ಜೋರಾಗಿ ಚುಚ್ಚಿದೆ.

ಮನೆಗೆ ಬಂದರೆ ಮಹಾರಾಣಿ ಎರಡು ದಿಂಬಿನ ಮೇಲೆ ಕಾಲು ಚಾಚಿ ಮಲಗಿದ್ದಾಳೆ. ಮನೆಯ ಸುತ್ತ ಆಳೆತ್ತರ ಹಿಮ ಬಿದ್ದಿರುವಾಗ ಇವಳು ಕಾಲಿಗೆ ಮತ್ತೂ ಐಸ್ ಇಟ್ಟುಕೊಂಡಿದ್ದಾಳೆ. ಒಸಾಕಾದ ಗೆಳತಿಯ ಜೊತೆ ಫೋನಿನಲ್ಲಿ ಕಿಲಕಿಲ ನಗು ಬೇರೆ. ನನ್ನನ್ನು ಕಂಡವಳೇ ಫೋನಿಟ್ಟು, ದಣಿವಾಯಿತಾ ಎಂದು ಕೇಳಿ, ತಲೆ ಬಾಗಿಸಿ ಕ್ಷಮೆ ಕೇಳಿದಳು. ಅದೂ ನನಗೆ ನಾಟಕವಾಗಿಯೇ ಕಂಡಿತು. ಅಂದು ಇಡೀ ದಿನ ಅವಳ ಮೇಲೆ ಕಣ್ಣಿಟ್ಟೆ. ಕೆಳಗೆ ನನ್ನೆದುರು ಹೆಜ್ಜೆಹೆಜ್ಜೆಗೂ ಕುಂಟುತ್ತಿದ್ದಳು. ಮಹಡಿಗೆ ಹೋದ ಮೇಲೆ ಮಾತ್ರ ಧಡ್ ಧಡ್ ಎಂದು ಸದ್ದು ಕೇಳಿಸಿತು. ಒಂಟಿ ಕಾಲಲ್ಲಿ ಕುಪ್ಪಳಿಸಿದರೂ ಅಂಥ ಸದ್ದೇ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಕಿರಲಿಲ್ಲ.

ಸಂಜೆ ಅಕ್ಕಿ ನೆನೆಹಾಕಿದ ಮೇಲೆ ಅವಳನ್ನು ಸ್ನಾನದ ಮನೆಗೆ ಕರೆದೆ. ನೆಲದೊಳಗಿಂದ ಬರುವ ಆ ನೀರಿನಲ್ಲಿ ಇಳಿಯದ ನೋವಿಲ್ಲ ಎಂದು ಈ ಊರಿನ ನಂಬಿಕೆ. ಹಲ್ಲುನೋವಿಗೂ ಅದೇ, ಬಾಣಂತಿಗೂ ಅದೇ, ಗಂಡ ಬೈದರೂ ಅದೇ. ಹಿನಾಕೊ ತಲೆ ತಗ್ಗಿಸಿ, ಮೂರು ದಿನ ಬಿಸಿ ಬೇಡ ಎಂದಿದ್ದಾರಲ್ಲ ಎಂದಳು. ಸಿಕ್ಕಿಬಿದ್ದಳು ಅಂದುಕೊಂಡೆ. ಸ್ನಾನದ ಮನೆಯಲ್ಲಿ ಬಟ್ಟೆ ಬಿಚ್ಚಬೇಕು, ಪಟ್ಟಿ ಬಿಚ್ಚಬೇಕು, ಎಲ್ಲರ ಎದುರು ಕಾಲು ತೋರಿಸಬೇಕು. ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೆ?

"ಈ ನೀರಲ್ಲಿ ಕಾಲು ಕಳ್ಕೊಂಡೋರು ನಮ್ಮೂರಲ್ಲಿ ಯಾರೂ ಇಲ್ಲ," ಎಂದೆ. "ಕೇರಿಯವರೆಲ್ಲ ಕೇಳ್ತಿದ್ದಾರೆ. ಬಂದು ಒಂದು ಸಲ ಮುಖ ತೋರ್ಸು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಟವೆಲ್ ತೆಗೆದುಕೊಂಡಳು.

ನೂರು ಹೆಜ್ಜೆಯ ದಾರಿಗೆ ಅಂದು ಕಾಲು ಗಂಟೆ ಹಿಡಿಯಿತು. ಒಳಗೆ ಹಬೆಯಲ್ಲಿ ಕಿನು-ಸಾನ್ ಜೊತೆ ಮತ್ತಿಬ್ಬರು ಕುಳಿತಿದ್ದರು. ನಮ್ಮ ನೀರಿನ ಬಿಸಿ ಹೊರಗಿನವರಿಗೆ ತಡೆಯಲಾಗುವುದಿಲ್ಲ, ಆದರೆ ತಣ್ಣೀರಿನ ನಲ್ಲಿ ತಿರುಗಿಸಬೇಕಾದರೆ ಒಳಗಿದ್ದ ಎಲ್ಲರ ಅನುಮತಿ ಕೇಳಬೇಕು. ಹಿನಾಕೊ ದಿನಾ ಕೇಳುತ್ತಿದ್ದಳು, ಮುದುಕಿಯರು ದಿನಾ ಹಾಸ್ಯ ಮಾಡುತ್ತಿದ್ದರು. ಅಂದು ಅವಳು ಕೇಳಲಿಲ್ಲ. ಸ್ಟೂಲಿನ ಮೇಲೆ ಕುಳಿತು ಪಟ್ಟಿ ಬಿಚ್ಚಿದಳು, ನಾನು ಬೆನ್ನು ಉಜ್ಜಿಕೊಳ್ಳುವವಳಂತೆ ನಟಿಸುತ್ತ ನೋಡಿದೆ.

ಏನೂ ಇರಲಿಲ್ಲ. ಕಪ್ಪಿಲ್ಲ, ನೀಲಿಯಿಲ್ಲ, ಒಂದು ತರಚಿದ ಗಾಯವೂ ಇಲ್ಲ. ತೊಳೆದಿಟ್ಟ ಎರಡು ಮೂಲಂಗಿಯ ಹಾಗೆ ಎರಡೂ ಕಾಲು ಬೆಳ್ಳಗಿದ್ದವು. ಎಡದ್ದು ಒಂದು ಎಳೆಯಷ್ಟು ದಪ್ಪವಿತ್ತೇನೋ, ಆದರೆ ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಕಿನು-ಸಾನ್ ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

ಹಿನಾಕೊ ಕುದಿಯುವಂಥ ಆ ನೀರಿಗೆ ಕುತ್ತಿಗೆಯವರೆಗೆ ಇಳಿದಳು. ಹತ್ತು ನಿಮಿಷದ ಮೇಲೆ ಕಿನು-ಸಾನ್ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು ಹೆಬ್ಬೆರಳಿನಿಂದ ಮೀನಖಂಡ ಒತ್ತತೊಡಗಿದಳು. ಕೇರಿಯಲ್ಲಿ ಉಳುಕು ತೆಗೆಯುವವಳು ಅವಳೇ. "ಒಳಗೆ ಗಂಟಿದೆ, ಬಿಡಿಸ್ತೀನಿ ತಾಳು ಮಗಾ," ಎಂದಳು. ಅವಳು ಯಾರ ಕಾಲು ಹಿಡಿದರೂ ಗಂಟಿದೆ ಎನ್ನುತ್ತಾಳೆ ಎಂದು ನಾನು ಸುಮ್ಮನಿದ್ದೆ. ಹಿನಾಕೊ ತುಟಿ ಪಿಟಕ್ಕೆನ್ನಲಿಲ್ಲ. ತೊಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಹಬೆಗೆ ಎಲ್ಲರ ಕಣ್ಣಲ್ಲೂ ನೀರಿರುತ್ತದೆ ಎಂದುಕೊಂಡೆ. ನಿಜವಾಗಿ ನೋವಿದ್ದವಳು ಕಿರುಚುತ್ತಿರಲಿಲ್ಲವೇ?

ಮಾರನೆಯ ಬೆಳಿಗ್ಗೆ ಅವಳಿಗೆ ಪಾದ ಊರಲಾಗಲಿಲ್ಲ. ಮೀನಖಂಡ ಚರ್ಮ ಹರಿಯುವಷ್ಟು ಬಿಗಿದು ಹೊಳೆಯುತ್ತಿತ್ತು. ಆದರೂ ಮನಸ್ಸಿನ ಒಂದು ಮೂಲೆ, ಏನೋ ಕಟ್ಟಿಕೊಂಡು ಊದಿಸಿರಬಹುದು ಎಂದಿತು. ಅನುಮಾನ ಹಿಡಿದವರ ಬುದ್ಧಿ ಎಷ್ಟು ಕೀಳಿಗೆ ಇಳಿಯುತ್ತದೆಂದು ತಿಳಿಯಲಿ ಎಂದು ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಸೋಮವಾರದ ಹೊತ್ತಿಗೆ ಹಿಮ್ಮಡಿಯ ಸುತ್ತ ಹಣ್ಣು ನೇರಳೆಯ ಬಣ್ಣ ಇಳಿದಿತ್ತು. ನಾನೇ ಕಾರು ತೆಗೆದು ಕೆಳಗಿನ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ವೈದ್ಯೆ ಕಾಲಿನ ಮೇಲೆ ಯಂತ್ರ ಆಡಿಸಿ ಪರದೆಯಲ್ಲಿ ಒಂದು ಕಪ್ಪು ಮಚ್ಚೆ ತೋರಿಸಿದರು. ಹರಿದದ್ದು ಸಣ್ಣದೇ, ಆದರೆ ಆಮೇಲೆ ರಕ್ತ ಬಹಳ ಸೋರಿ ಒಳಗೇ ಕಟ್ಟಿಕೊಂಡಿದೆ ಎಂದರು. ಶುಕ್ರವಾರ ಕಪ್ಪಾಗಿರಲಿಲ್ಲವಲ್ಲ ಎಂದು ನಾನು ಮೆಲ್ಲಗೆ ಕೇಳಿದೆ. ಆಳದ ಗಾಯ ಹೊರಗೆ ಕಾಣಲು ಮೂರು ನಾಲ್ಕು ದಿನ ಬೇಕು, ಅದೂ ಕೆಳಗಿಳಿದು ಹಿಮ್ಮಡಿಯಲ್ಲಿ ಕಾಣಿಸುತ್ತದೆ ಎಂದರು. ಆಮೇಲೆ ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು.

"ಬಿಸಿನೀರಿಗೆ ಇಳಿದ್ರಾ? ಯಾರಾದ್ರೂ ತಿಕ್ಕಿದ್ರಾ?"

ನಾನು ಗೋಡೆಯತ್ತ ತಿರುಗಿದೆ.

"ಹೌದು," ಎಂದಳು ಹಿನಾಕೊ. "ನಾನೇ ಹೋದೆ. ಬೇಡ ಅಂತ ಹೇಳಿದ್ರೂ ಹೋದೆ."

ಮೇಲಿನ ಊರಿನವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ವೈದ್ಯೆ ಅವಳನ್ನು ಬೈದರು. ಎಂಟು ವಾರ ಬೋರ್ಡು ಮುಟ್ಟುವ ಹಾಗಿಲ್ಲ ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಇಂದಿಗೂ ಆ ನಿಂತದ್ದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ಬರುವಾಗ ಘಾಟಿಯಲ್ಲಿ ಹಿಮ ಬೀಳುತ್ತಿತ್ತು. ಅವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದಳು. ಮೂರನೆಯ ತಿರುವಿನಲ್ಲಿ ನನಗೆ ತಡೆಯಲಾಗಲಿಲ್ಲ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನೀವು ಕಾಲು ನೋಡೋಕೇ ಕರ್ಕೊಂಡು ಹೋಗ್ತಿದ್ದೀರ ಅಂತ ನಂಗೆ ಗೊತ್ತಿತ್ತು ಅತ್ತೆ. ಒಂದು ಸಲ ನೋಡಿಬಿಟ್ರೆ ನಂಬ್ತೀರ ಅಂದ್ಕೊಂಡು ಬಂದೆ."

ಕನ್ನಡಿಯಲ್ಲಿ ಅವಳ ಕಣ್ಣು ಕಾಣುತ್ತಿತ್ತು.

"ನೋಡಿದ್ಮೇಲೆ ನಂಬಿದ್ರಾ?"

ಹೌದು ಎಂದಿದ್ದರೆ ಅವಳು ತೆತ್ತದ್ದಕ್ಕೆ ಏನಾದರೂ ದಕ್ಕಿದಂತಾಗುತ್ತಿತ್ತು. ಆ ಒಂದು ಸುಳ್ಳು ನನ್ನ ಬಾಯಿಗೆ ಬಂದೂ ಬಂತು. ಆದರೆ ಅವಳೆದುರು ಇನ್ನೊಂದು ನಾಟಕ ಆಡುವ ಧೈರ್ಯ ನನಗಿರಲಿಲ್ಲ.

"ಇಲ್ಲ," ಎಂದೆ. "ಇನ್ನೂ ಜಾಸ್ತಿ ಅನುಮಾನ ಬಂತು. ನಂದು ತಪ್ಪಾಯ್ತು ಹಿನಾಕೊ."

ಅವಳು ಕಿಟಕಿಯತ್ತ ತಿರುಗಿದಳು. ಸುರಂಗ ದಾಟಿದ ಮೇಲೆ ಫೋನ್ ತೆಗೆದು ಬೆಟ್ಟದ ಶಾಲೆಯ ಮುಖ್ಯಸ್ಥರಿಗೆ ಕರೆ ಮಾಡಿದಳು. ಪರೀಕ್ಷೆಯ ಪಟ್ಟಿಯಿಂದ ತನ್ನ ಹೆಸರು ತೆಗೆಯಬೇಕೆಂದು, ಮಕ್ಕಳ ತರಗತಿಯನ್ನು ಬೇರೆಯವರಿಗೆ ಕೊಡಬೇಕೆಂದು ಸ್ಪಷ್ಟವಾದ ದನಿಯಲ್ಲಿ ಕೇಳಿಕೊಂಡಳು. ಎದುರಿಗೆ ಯಾರೂ ಇಲ್ಲದಿದ್ದರೂ ನಮ್ಮವರೆಲ್ಲ ಮಾಡುವ ಹಾಗೆ ಫೋನಿಗೇ ತಲೆ ಬಾಗಿಸುತ್ತಿದ್ದಳು. ತನ್ನ ಅಜಾಗರೂಕತೆಯಿಂದ ಹೀಗಾಯಿತು, ಕ್ಷಮಿಸಬೇಕು ಎಂದು ಮೂರು ಸಲ ಹೇಳಿದಳು. ಮೂರು ಸಲವೂ ನಾನು ಕಾರು ನಡೆಸುತ್ತ ಕೇಳಿಸಿಕೊಂಡೆ.