ನಾದಿನಿಯ ಬಾಯಿಗೆ ಬೀಗ

ನನ್ನ ನಾದಿನಿಗೆ ಮನೆಯಲ್ಲಿರುವ ಹೆಸರು ಎದುರುತ್ತರ. ಇಟ್ಟವಳು ನಾನಲ್ಲ, ಹೆತ್ತ ತಾಯಿಯೇ. ನೀವು ಬೆಳಗಾಯಿತು ಎಂದರೆ ಅವಳು ಕಿಟಕಿಯ ತನಕ ಹೋಗಿ, ನೋಡಿ ಬಂದು, "ಇನ್ನೂ ಪೂರ್ತಿ ಆಗಿಲ್ಲ" ಎನ್ನುತ್ತಾಳೆ. ಹನ್ನೆರಡು ವರ್ಷದಿಂದ ಆ ಬಾಯಿಯ ಜೊತೆ ಬಾಳ್ವೆ ಮಾಡಿದ್ದೇನೆ. ಅದರ ಮುಂದೆ ಗಂಡನ ಜೊತೆ ಬಾಳಿದ್ದು ಏನೇನೂ ಅಲ್ಲ.

ಅವಳು ಪೈಲಟ್. ಲೈಸೆನ್ಸ್ ಇದೆ, ಕೆಲಸ ಇಲ್ಲ. ಮೊದಲನೆಯ ಕಂಪನಿಯ ಸಂದರ್ಶನಕ್ಕೆ ಹೋದವಳು, ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಮ್ಯಾನೇಜರಿಗೆ ತಿಳಿಸಿ ಬಂದಳು. ಎರಡನೆಯದರಲ್ಲಿ ಪ್ರಶ್ನೆಪತ್ರಿಕೆಯೇ ತಪ್ಪು ಎಂದು ವಾದಕ್ಕೆ ನಿಂತಳು. ತಪ್ಪೇ ಇತ್ತಂತೆ. ಇದ್ದರೇನು? ತಪ್ಪು ತೋರಿಸಿದವರಿಗೆ ಯಾವ ಪುಣ್ಯಾತ್ಮ ಕೆಲಸ ಕೊಡುತ್ತಾನೆ? ಇನ್ನು ಉಳಿದದ್ದು ನಾನು ದುಡಿಯುವ ಕಂಪನಿ ಒಂದೇ. ಇಲ್ಲೂ ಆಗದಿದ್ದರೆ ಹಾರುವ ಆಸೆ ಬಿಟ್ಟು ಅಣ್ಣನ ಟೈರ್ ಅಂಗಡಿಯಲ್ಲಿ ಕೂರುತ್ತೇನೆ ಎಂದಿದ್ದಳು. ಹಾಗೆಂದವಳೇ ಲೈಸೆನ್ಸನ್ನು ತೆಗೆದು ಮತ್ತೊಮ್ಮೆ ಒರೆಸಿಟ್ಟಿದ್ದಳು.

ಅದಕ್ಕೇ ಪರೀಕ್ಷೆಯ ಬೆಳಿಗ್ಗೆ ಅವಳು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಹಿಡಿದುಕೊಂಡೆ.

"ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ ಕಣೇ. ಕ್ಯಾಪ್ಟನ್ ಏನಂದ್ರೂ 'ಸರಿ ಸರ್' ಅನ್ನು."

"ತಪ್ಪು ಹೇಳಿದ್ರೆ?"

"ಆಗ 'ತುಂಬಾ ಸರಿ ಸರ್' ಅನ್ನು."

"ಅಲ್ಲ ಅತ್ತಿಗೆ..."

"ನೋಡು, ಶುರುವಾಯ್ತು! ಆಣೆ ಮಾಡು."

ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಆಣೆ ಮಾಡಿದಳು. ಅವಳು ಏನೇ ಮಾಡಲಿ, ಆಣೆ ಮಾತ್ರ ಮುರಿಯುವವಳಲ್ಲ.

ನಾನು ಸಿಮ್ಯುಲೇಟರ್ ಆಪರೇಟರ್. ಆರು ಕಬ್ಬಿಣದ ಕಾಲುಗಳ ಮೇಲೆ ಕುಲುಕಾಡುವ ನಕಲಿ ವಿಮಾನದಲ್ಲಿ, ಪೈಲಟ್‌ಗಳ ಬೆನ್ನ ಹಿಂದೆ ಕೂತು, ಗುಂಡಿ ಒತ್ತಿ ಮಂಜು ಕವಿಸುವುದು, ಎಂಜಿನಿಗೆ ಬೆಂಕಿ ಹಚ್ಚುವುದು, ಕಂಟ್ರೋಲ್ ಟವರಿನವಳಾಗಿ ಹೆಡ್‌ಫೋನಿನಲ್ಲಿ ಮಾತಾಡುವುದು ನನ್ನ ಕೆಲಸ. ದಿನಕ್ಕೆ ನಾಲ್ಕು ವಿಮಾನ ಬೀಳಿಸಿ, ಸಂಜೆ ತರಕಾರಿ ಕೊಂಡು ಮನೆಗೆ ಹೋಗುವವಳು.

ಪರೀಕ್ಷೆ ಮಾಡುವ ಕ್ಯಾಪ್ಟನ್ ಹೊಸಬರು, ಬಂದು ವಾರವಾಗಿತ್ತು. ಇವತ್ತಿನ ಹುಡುಗಿ ನನ್ನ ನಾದಿನಿ ಎಂದು ನಾನೇ ಮುಂಚಿತವಾಗಿ ಹೇಳಿದೆ. "ಇರಲಿ ಬಿಡಮ್ಮ, ಗುಂಡಿ ನಿನ್ನದು, ಅಂಕ ನನ್ನದು" ಎಂದು ಒಂದು ಚೀಟಿ ಕೊಟ್ಟರು.

"ಇದರಲ್ಲಿರೋ ಮೂರು ತಪ್ಪು ನಾನು ಬೇಕಂತಲೇ ಮಾಡ್ತೀನಿ. ಪಕ್ಕದಲ್ಲಿ ಕೂತವರು ಬಾಯಿ ಬಿಡ್ತಾರಾ ನೋಡೋಣ. ವಿಮಾನ ಚೆನ್ನಾಗಿ ಓಡಿಸೋರು ಬೇಕಾದಷ್ಟು ಜನ ಸಿಗ್ತಾರೆ. ದೊಡ್ಡವರು ಅನ್ನೋ ಮರ್ಯಾದೆಗೆ ಸುಮ್ನೆ ಕೂತು, ಮುನ್ನೂರು ಜನಾನ ಗುಡ್ಡಕ್ಕೆ ಗುದ್ದಿಸೋರು ನಮಗೆ ಬೇಡ. ನಿನ್ನೆ ನೀನು ರಜೆ ಇದ್ದಾಗ ನಾಲ್ಕು ಜನ ಬಂದ್ರು, ನಾಲ್ಕೂ ಜನ 'ಸರಿ ಸರ್'."

ಅಯ್ಯೋ, ನನ್ನ ಬುದ್ಧಿಗಿಷ್ಟು! ಹನ್ನೆರಡು ವರ್ಷ ತಾನಾಗಿ ತೆರೆದಿದ್ದ ಬಾಯಿಗೆ ಇವತ್ತೇ ಬೀಗ ಜಡಿಯಬೇಕಿತ್ತೇ? ಫೋನು ಲಾಕರಿನಲ್ಲಿತ್ತು. ಅವಳು ಆಗಲೇ ಒಳಗೆ, ಬಲಗಡೆಯ ಸೀಟಿನಲ್ಲಿ, ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

ಹೊರಟೆವು. ಟವರಿನವಳಾಗಿ, "ನಾಲ್ಕು ಸಾವಿರ ಅಡಿಗೆ ಏರಿ" ಎಂದೆ. ಕ್ಯಾಪ್ಟನ್ ಐದು ಸಾವಿರಕ್ಕೆ ತಿರುಗಿಸಿದರು. ನಾದಿನಿ ಅದನ್ನು ನೋಡಿದಳು. ಕತ್ತಿನ ನರ ಉಬ್ಬಿತು.

"ಸರಿ ಸರ್."

ಎಡಕ್ಕೆ ತಿರುಗಿ ಎಂದೆ. "ಎ" ಅಕ್ಷರವನ್ನು ಒಂದು ಮೈಲಿ ಎಳೆದೆ. ಕ್ಯಾಪ್ಟನ್ ಬಲಕ್ಕೆ ತಿರುಗಿಸುತ್ತಲೇ, "ಟವರಿಗೇನು ಹಲ್ಲುನೋವಾ?" ಎಂದರು.

"ಸರಿ... ಸರ್."

ಆ ಎರಡನೆಯ "ಸರಿ"ಯನ್ನು ಅವಳು ಹರಳೆಣ್ಣೆ ಕುಡಿದವಳ ಹಾಗೆ ನುಂಗಿದಳು. ಕಿವಿ ಕೆಂಪಗಾಗಿತ್ತು, ಮಂಡಿ ತಕಪಕ ಕುಣಿಯುತ್ತಿತ್ತು. ಹೇಳೇ, ಹೇಳೇ ಎಂದು ನಾನು ಹಿಂದಿನಿಂದ ಅವಳ ಜಡೆಗೆ ಕೈ ಮುಗಿಯುತ್ತಿದ್ದೆ.

ಕೊನೆಯದು ಇಳಿಯುವುದು. "ರನ್‌ವೇ ಮೇಲೆ ಇನ್ನೊಂದು ವಿಮಾನ ಇದೆ, ಇಳಿಯಬೇಡಿ" ಎಂದೆ. ಕ್ಯಾಪ್ಟನ್ ಕೇಳಿಸದವರಂತೆ ಇಳಿಸುತ್ತಲೇ ಹೋದರು. ಐನೂರು ಅಡಿ. ನಾನೂರು. ಮುನ್ನೂರು. ಮುಗಿಯಿತು, ಟೈರ್ ಅಂಗಡಿಯೇ ಗತಿ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಸರ್, ರನ್‌ವೇ ಖಾಲಿ ಇಲ್ಲ! ಮೇಲೆತ್ತಿ! ಸರ್... ಕೈ ತೆಗೀರಿ, ನಾನು ತಗೊಂಡೆ! ಅತ್ತಿಗೆ ಆಣೆ ಬಾವಿಗೆ ಬೀಳಲಿ!"

ಎಂಜಿನ್ ಅಬ್ಬರಿಸಿ ಇಡೀ ಕೋಣೆ ಮೂತಿ ಎತ್ತಿತು. ಕ್ಯಾಪ್ಟನ್ ಸೀಟಿನಿಂದ ಅರ್ಧ ಜಾರಿ ಕನ್ನಡಕ ಹುಡುಕತೊಡಗಿದರು. ಇಪ್ಪತ್ತು ನಿಮಿಷದ ಮಾತು ಕಟ್ಟೆ ಒಡೆಯಿತು.

"ಬೆಲ್ಟು! ಬೆಲ್ಟೇ ಹಾಕಿಲ್ಲ ನೀವು! ನಾಲ್ಕು ಅಂದ್ರೆ ಐದಕ್ಕೆ ಏರಿಸಿದ್ರಿ. ಎಡಕ್ಕೆ ಅಂದ್ರೆ ಬಲಕ್ಕೆ ಹೋದ್ರಿ. ಚೆಕ್‌ಲಿಸ್ಟಲ್ಲಿ ಆರನೇ ಸಾಲು ಓದ್ಲೇ ಇಲ್ಲ. ಈಗ ಇನ್ನೊಂದು ವಿಮಾನದ ತಲೆ ಮೇಲೆ ಇಳಿಸಕ್ಕೆ ಹೊರಟ್ರಿ. ಇದೇನು ವಿಮಾನಾನಾ, ಮಕ್ಕಳ ಆಟದ ಗಾಡೀನಾ?"

ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಆ ಬಾಯಿಯ ಮೇಲೆ ನನಗೆ ಇಷ್ಟು ಪ್ರೀತಿ ಇದೆಯೆಂದು ಅವತ್ತೇ ಗೊತ್ತಾದದ್ದು.

ಕ್ಯಾಪ್ಟನ್ ಬೆರಳು ಮಡಿಚಿ ಎಣಿಸಿದರು. ಐದು. ನನ್ನ ಕಡೆ ತಿರುಗಿದರು. "ನಾನು ಬರ್ಕೊಟ್ಟಿದ್ದು ಮೂರು ತಾನೆ?"

"ಹೌದು ಸರ್. ಬೆಲ್ಟು, ಆರನೇ ಸಾಲು, ಅವೆರಡು ನಿಮ್ಮ ಸ್ವಂತದ್ದು."

ಅವರು ಕೆಮ್ಮಿದರು. ಆಮೇಲೆ ಅವಳನ್ನು ಕೇಳಿದರು. "ಮೊದಲನೇ ತಪ್ಪು ಯಾವಾಗ ಕಾಣಿಸ್ತು?"

"ಆಗಲೇ ಸರ್."

"ಮತ್ತೆ ಯಾಕೆ ಸುಮ್ನಿದ್ದೆ?"

ಅವಳು ತುಟಿ ಬಿಚ್ಚಲಿಲ್ಲ. ನನ್ನನ್ನು ಕಾಪಾಡುತ್ತಿದ್ದಾಳೆ, ಪಾಪಿ! ನಾನೇ ಎದ್ದು ನಿಂತು ಆಣೆಯ ಕಥೆಯನ್ನೆಲ್ಲ ಒದರಿದೆ. ಕ್ಯಾಪ್ಟನ್ ಪೆನ್ನು ಕೈಗೆತ್ತಿಕೊಂಡರು.

"ಒಂದೇ ಒಂದು ಕೇಳ್ತೀನಮ್ಮ. ಈಕೆ ಓಡಿಸೋ ವಿಮಾನ ನೀನು ಹತ್ತುತ್ತೀಯಾ?"

"ಮಕ್ಕಳನ್ನೂ ಕಟ್ಕೊಂಡು ಹತ್ತುತ್ತೀನಿ ಸರ್!"

"ಹತ್ತಬೇಡಿ ಅತ್ತಿಗೆ," ಎಂದಳು ನನ್ನ ನಾದಿನಿ. ಕಣ್ಣು ತುಂಬಿತ್ತು. "ಇಪ್ಪತ್ತು ನಿಮಿಷ ಸುಮ್ನಿದ್ದೆ ನಾನು. ನಿಜವಾದ ವಿಮಾನ ಆಗಿದ್ರೆ ಅಷ್ಟರಲ್ಲಿ ಏನು ಬೇಕಾದ್ರೂ ಆಗ್ತಿತ್ತು. ಸರ್, ಇವರು ನಮ್ಮ ಮನೆಯವರು, ಇವರ ಮಾತು ತಗೋಬೇಡಿ. ಮಾಡಿದ್ದು ತಪ್ಪು, ಅದನ್ನೇ ಬರೀರಿ."

ನಾನು ಹಣೆ ಚಚ್ಚಿಕೊಂಡೆ. ಕೈಗೆ ಬಂದ ತುತ್ತನ್ನು ತಾನೇ ತಳ್ಳುವವಳನ್ನು ಎಲ್ಲಾದರೂ ಕಂಡಿದ್ದೀರಾ?

ಕ್ಯಾಪ್ಟನ್ ಬರೆದರು. ಬರೆಯುತ್ತ ಬರೆಯುತ್ತ ಅವರ ಹೊಟ್ಟೆ ಕುಲುಕತೊಡಗಿತು. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ನನ್ನ ತಪ್ಪು ಹೇಳೋರು ಸಿಕ್ಕಿದ್ರೆ ಸಾಕು ಅಂದ್ಕೊಂಡಿದ್ದೆ. ಈಕೆ ತನ್ನದನ್ನೂ ಹೇಳ್ತಾಳಲ್ಲ! ಸೋಮವಾರದಿಂದ ಕೆಲಸಕ್ಕೆ ಬಾಮ್ಮ."

ಒಂದು ಕ್ಷಣ ಅವಳಿಗೆ ಅರ್ಥವೇ ಆಗಲಿಲ್ಲ. ಆದಾಗ ಮುಖವೆಲ್ಲ ಬೆಳಕಾಯಿತು. ಮರುಕ್ಷಣವೇ ಹುಬ್ಬು ಗಂಟಾಯಿತು.

"ಸರ್, ಸೋಮವಾರ ರಜೆ ಇದೆ."

ಅವಳ ಬಾಯಿ ಮುಚ್ಚಲೆಂದು ನನ್ನ ಕೈ ತಾನಾಗಿ ಮೇಲೆದ್ದಿತು. ಅರ್ಧಕ್ಕೆ ಬಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆ.