ಕರುವಿನ ಹಗ್ಗ

ಮಂಚಯ್ಯನ ವ್ಯಾನಿಗೆ ಮಂಚಯ್ಯನನ್ನು ಬಿಟ್ಟರೆ ಇನ್ನೊಬ್ಬರು ಸ್ಪ್ಯಾನರು ತಾಗಿಸುವಂತಿಲ್ಲ. ಹೊಸಹೊಳಲಿನಲ್ಲಿ ಇದು ಎಲ್ಲರಿಗೂ ಗೊತ್ತು. ಮಗಳು ಮೇಘನ ಹೆತ್ತು ಮೂರನೇ ದಿನ, ಮಧ್ಯಾಹ್ನ ಮನೆಗೆ ಕಳಿಸುತ್ತೇವೆಂದು ಕೆ.ಆರ್.ಪೇಟೆ ಆಸ್ಪತ್ರೆಯವರು ಹೇಳಿದ್ದೇ ತಡ, ಬೆಳಿಗ್ಗೆಯೇ ಬ್ರೇಕು ಬಿಚ್ಚಿಕೊಂಡು ಕೂತ. ಹಳೆಯ ಪೈಪು ಬದಲಿಸಿದ್ದಾಯಿತು. ಇನ್ನು ಒಳಗೆ ಸೇರಿಕೊಂಡ ಗಾಳಿ ತೆಗೆಯಬೇಕು; ಉಳಿದರೆ ಪೆಡಲ್ಲು ಮೆತ್ತಗಾಗಿ ಬ್ರೇಕು ಹಿಡಿಯುವುದಿಲ್ಲ. ಅಂಥ ಗಾಡಿಯಲ್ಲಿ ಹಸುಗೂಸನ್ನು ತರುವ ಮಾತೇ ಇಲ್ಲ.

ಪೆಡಲ್ಲಿನ ಮೇಲೆ ಹೆಂಡತಿ ಚಲುವಮ್ಮನ ಕಾಲು, ಚಕ್ರದ ಹಿಂದೆ ಅವನ ಕೈ. ಮೂರು ಸಲ ತುಳಿದು, ಕೊನೆಗೆ ಒತ್ತಿ ಹಿಡಿದು ಅವಳು ಕೂಗಬೇಕು. ಆಗ ಅವನು ಅಲ್ಲಿನ ನಿಪ್ಪಲ್ಲಿನ ತಿರುಪು ಸಡಿಲಿಸಿ, ಆಯಿಲಿನ ಜೊತೆ ಗಾಳಿಯನ್ನು ಬಾಟಲಿಗೆ ಬಿಟ್ಟು, ಮತ್ತೆ ಬಿಗಿಯಬೇಕು. ಮೂವತ್ತು ವರ್ಷದಿಂದ ಇಬ್ಬರೂ ಮಾಡಿಕೊಂಡು ಬಂದ ಕೆಲಸ. ಇವತ್ತು ಮಾತ್ರ ಬಾಟಲಿಯಲ್ಲಿ ಗುಳ್ಳೆ ನಿಲ್ಲಲೊಲ್ಲದು. ಅವಳು ಇನ್ನೂ ತುಳಿದು ಎತ್ತುತ್ತಿರುವಾಗಲೇ ಅವನು ತೆರೆದುಬಿಡುತ್ತಿದ್ದ. ಹೊರಟ ಗಾಳಿಯೆಲ್ಲ ವಾಪಸ್ಸು.

"ಒತ್ತೀವ್ನಿ ಅಂತ ಕೂಗಕ್ಕೆ ಏನಮ್ಮಿ ನಿಂಗೆ?" ಎಂದು ರೇಗಿದ.

"ಊರಿಗೆಲ್ಲ ಕೇಳಂಗೆ ಕೂಗ್ತಾವ್ನಿ," ಎಂದವಳೇ ಚಲುವಮ್ಮ ಕೆಳಗಿಳಿದು ಅವನ ಬೆನ್ನ ಹಿಂದೆ ನಿಂತಳು. ಸಿಟ್ಟು ನೆತ್ತಿಗೇರಿತ್ತು. ಆದರೂ, "ಕಾಫಿ ಕಾಸ್ಲಾ?" ಎಂದಳು. ಅವನು ತಿರುಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೇಳಿದಳು. ಕಾಫಿ ಎಂದರೆ ನಿದ್ದೆಯಿಂದಲೂ ಎದ್ದು ಬರುವ ಮನುಷ್ಯ ಚಕ್ರವನ್ನೇ ನೋಡುತ್ತ ಕೂತಿದ್ದ.

ಆರು ತಿಂಗಳಿಂದ ಟಿವಿಯ ಸದ್ದು ಏರುತ್ತಲೇ ಇದ್ದದ್ದು, ಮಾತಾಡಿಸಿದರೆ ಬಾಯನ್ನೇ ನೋಡುತ್ತಿದ್ದದ್ದು ಅವಳಿಗೆ ಈಗ ಅರ್ಥವಾಯಿತು. ಸಿಟ್ಟು ಅಲ್ಲೇ ಇಳಿದುಹೋಯಿತು. ಕೊಟ್ಟಿಗೆಯಿಂದ ಕರುವಿನ ಹಗ್ಗ ತಂದು, ಒಂದು ತುದಿಯನ್ನು ಅವನ ಮೊಣಕೈಗೆ ಕಟ್ಟಿ, ಇನ್ನೊಂದನ್ನು ತಾನು ಹಿಡಿದಳು.

"ಎಳುದ್ರೆ ಒತ್ತೀವ್ನಿ ಅಂತ," ಎಂದು ಅವನ ಎದುರು ಕುಕ್ಕರಿಸಿ ನಿಧಾನವಾಗಿ ಹೇಳಿದಳು. ಸಿಕ್ಕಿಬಿದ್ದ ಕಳ್ಳನಂತೆ ಅವನು ತಲೆ ತಗ್ಗಿಸಿದ.

ಹಗ್ಗ ಎಳೆದೆಳೆದು ನಾಲ್ಕು ಚಕ್ರವೂ ಮುಗಿಯಿತು. ಪೆಡಲ್ಲು ಗಟ್ಟಿಯಾಗಿ ನಿಂತಿತು.

"ಗೊತ್ತಾದ್ರೆ ಗಾಡಿ ಬುಡುಸ್ಬುಡ್ತೀರಿ ಅಂತ ಸುಮ್ಕಿದ್ದೆ," ಎಂದ ಮಂಚಯ್ಯ, ಹಗ್ಗ ಬಿಚ್ಚದೆ. "ನೆನ್ನೆ ಕೂಸು ಅಳ್ತಿತ್ತಲ್ಲ, ನೀವೆಲ್ಲ ನಗ್ತಿದ್ರಿ. ನಂಗೆ ಅದ್ರ ಬಾಯೊಂದೇ ಕಾಣ್ತಿತ್ತು ಕಣಮ್ಮಿ."

ಚಲುವಮ್ಮನಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಲ್ಲಿ ಅವನ ಕೈಯ ಆಯಿಲು ಒರೆಸುತ್ತ, "ನಾಳೀಕೆ ಕಿವಿ ಡಾಕ್ಟ್ರತ್ರ ಹೋಗನ," ಎಂದಳು.

ಮಧ್ಯಾಹ್ನ ಆಸ್ಪತ್ರೆಯಿಂದ ಮರಳುವಾಗ, ಊರು ಹತ್ತಿರವಾದಂತೆ ಕೂಸು ಕಿರುಚತೊಡಗಿತು. ಮೇಘನ ಎದೆಗವುಚಿಕೊಂಡರೂ ಅಳು ನಿಲ್ಲಲಿಲ್ಲ. ಹಿಂದಿನ ಸೀಟಿನಿಂದ ಚಲುವಮ್ಮ ಗಂಡನ ತೋಳು ಜಗ್ಗಿದಳು. ವ್ಯಾನು ಒಂಚೂರೂ ಕುಲುಕದೆ ರಸ್ತೆ ಬದಿಗೆ ನಿಂತಿತು. ತಿರುಗಿದವನ ಅಂಗೈಯನ್ನು ಹಿಡಿದು ಮೊಮ್ಮಗಳ ಎದೆಯ ಮೇಲಿಟ್ಟಳು. ಅಳು ಅವನ ಬೆರಳುಗಳಿಗೆ ನಡುಗಿ ನಡುಗಿ ತಾಗಿತು.

"ಜೋರಾಗೇ ಅಳ್ತಾವ್ಳೆ," ಎಂದ ಮಂಚಯ್ಯ. ಕೂಸು ಸುಮ್ಮನಾಗುವವರೆಗೂ ಕೈ ತೆಗೆಯಲಿಲ್ಲ.