ಬಾಯಿ ಬಿಟ್ಟ ಮೇಲೆ ಓಡಿದ ಬೋಟು

ಹೆಂಡತಿಗೆ ಐಸ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಸಿಕ್ಕಿದ ದಿನದಿಂದ ಮನೆಯ ಕೀಲಿ ಮಗಳ ಕೊರಳಿಗೆ ಬಿದ್ದಿತ್ತು. ಎರಡನೇ ತರಗತಿಯ ಹುಡುಗಿ. ಅಮ್ಮ ನಿದ್ದೆಗಣ್ಣಿನ ಮಗಳಿಗೆ ಜಡೆ ಹೆಣೆದು, ತಿಂಡಿ ಮುಚ್ಚಿಟ್ಟು ಹೊರಡುತ್ತಾಳೆ. ಅಪ್ಪ ಅದಕ್ಕೂ ಮೊದಲೇ ಸಮುದ್ರದ ಮೇಲೆ. ಆಮೇಲೆ ಹುಡುಗಿ ಒಬ್ಬಳೇ ತಿಂದು, ಒಬ್ಬಳೇ ಬೂಟು ಹಾಕಿಕೊಂಡು, ತುದಿಗಾಲಲ್ಲಿ ನಿಂತು ಬೀಗ ಹಾಕಿ ಶಾಲೆಗೆ ನಡೆಯುತ್ತಾಳೆ.

"ನಿನ್ನ ಮಗಳು ಬೀಗ ಹಾಕಿ ಎರಡೆರಡು ಸಲ ಜಗ್ಗಿ ನೋಡ್ತಾಳೆ ಕಣಪ್ಪ, ಹತ್ತು ವರ್ಷ ಸಂಸಾರ ಮಾಡಿದವಳ ಥರ," ಅಂದಿದ್ದಳು ಪಕ್ಕದ ಮನೆಯ ಅಜ್ಜಿ. ಅವಳು ಹೊಗಳಿದ್ದೇ. ಅಪ್ಪನಿಗೆ ಮಾತ್ರ ಅದು ಮೀನಿನ ಮುಳ್ಳಿನ ಹಾಗೆ ಚುಚ್ಚಿತು.

ದಿನಾ ಅವನು ದಡ ಮುಟ್ಟಿ, ಮೀನು ಇಳಿಸಿ, ಓಡೋಡಿ ಮನೆಗೆ ಬರುವಷ್ಟರಲ್ಲಿ ಬಾಗಿಲಿಗೆ ಬೀಗ. ತನ್ನ ಕೀಲಿಯಿಂದ ತೆಗೆದು ಒಳಗೆ ಹೋದರೆ, ಅವಳು ತೊಳೆದು ಬೋರಲು ಹಾಕಿದ ತಟ್ಟೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿರುತ್ತಿತ್ತು. ಸ್ವಲ್ಪದರಲ್ಲಿ ತಪ್ಪಿಹೋಗುತ್ತಿದ್ದಳು, ತೀರಾ ಸ್ವಲ್ಪದರಲ್ಲಿ. ಸಂಜೆ ಅವಳು ಮನೆಗೆ ಬಂದಾಗ ಇವನು ಹೆಣದ ಹಾಗೆ ಮಲಗಿರುತ್ತಿದ್ದ.

ತಪ್ಪು ಬೋಟಿನದು ಅಂತ ಅವನ ಲೆಕ್ಕ. ಬೋಟುಗಳು ಮೀನು ಇಳಿಸುವ ಧಕ್ಕೆಯವರೆಲ್ಲ ಅದರ ನಿಧಾನ ನೋಡಿ ಅದನ್ನು ಕರೆಯುತ್ತಿದ್ದದ್ದೇ ಎಮ್ಮೆ ಅಂತ. ಕೊನೆಗೊಂದು ದಿನ ಕಣ್ಣುಜ್ಜಿಕೊಂಡು ಮೆಕ್ಯಾನಿಕ್ಕನ ಅಂಗಡಿಗೆ ಹೋದ. ಮೆಕ್ಯಾನಿಕ್ಕನ ಅಡ್ಡಹೆಸರು ರೇಡಿಯೋ. ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಊರಿಗೆಲ್ಲ ಬಿತ್ತರವಾಗುತ್ತಿತ್ತು.

"ಎಂಜಿನ್ ಗಟ್ಟಿಯಾಗಿದೆ ಮಾರಾಯ," ಅಂದ ರೇಡಿಯೋ, ಮಸಿ ಕೈಯಲ್ಲೇ ಗಲ್ಲ ಕೆರೆಯುತ್ತ. "ಅದರ ಕಾಲಿಗೆ ಒಳ್ಳೆ ಚಪ್ಪಲಿ ಹಾಕೋಣ. ಈ ಕಪ್ಪು ರೆಕ್ಕೆ ನೋಡು, ಪ್ರೊಪೆಲ್ಲರಿನ ಮೇಲೆ ಕೂರಿಸಿದ್ರೆ ಬೋಟಿನ ಹಿಂಭಾಗ ನೀರಲ್ಲಿ ಕುಸಿಯಲ್ಲ. ಪ್ರೊಪೆಲ್ಲರೂ ಬದಲಾಯಿಸೋಣ. ಅಂದ ಹಾಗೆ, ದಿನಾ ಎಷ್ಟು ಮೀನು ತರ್ತೀಯ?"

"ಏನಿಲ್ಲಣ್ಣ, ಸುಮ್ನೆ ಹೋಗಿ ಬರೋದು. ಬೋಟಿನ ತಳ ಮುಚ್ಚಿದ್ರೆ ಹೆಚ್ಚು."

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಮೀನು ಹಿಡಿಯುವವನ ಬಾಯಿಂದ ಆ ಪ್ರಶ್ನೆಗೆ ಬರುವ ಉತ್ತರವೇ ಅದು. ನಿಜ ಹೇಳಿದರೆ ನಾಳೆ ನಾಲ್ಕು ಬೋಟು ಬೆನ್ನು ಹತ್ತಿ, ಮೀನಿರುವ ಜಾಗ ಹಿಡಿದುಬಿಡುತ್ತವೆ. ಅವನೂ ಭಾಮೈದನೂ ನಡುನೀರಿನ ಬಂಡೆಯೊಂದರ ಪಕ್ಕ ದಿನಾ ಬೋಟು ತುಂಬ ಎತ್ತುತ್ತಿದ್ದರು. ಬೇರೆಯವರಿಗೆ ಕಾಣದ ಹಾಗೆ ಇಳಿಸಲು ಧಕ್ಕೆಯ ಆಚೆ ತುದಿಗೆ ಹೋಗುತ್ತಿದ್ದರು.

ರೇಡಿಯೋ ನಂಬಿದ. ಹಗುರ ಬೋಟಿಗೆ ಹೊಂದುವ ಪ್ರೊಪೆಲ್ಲರ್ ಹಾಕಿದ. ಅದರ ಬ್ಲೇಡುಗಳಿಗೆ ತಿರುಚು ಹೆಚ್ಚು, ಒಂದೇ ಸುತ್ತಿನಲ್ಲಿ ಬೋಟನ್ನು ದೂರ ತಳ್ಳುವಂಥದ್ದು. ಸಂಜೆ ಖಾಲಿ ಬೋಟು ಓಡಿಸಿ ನೋಡಿದರೆ ಎಮ್ಮೆ ಚಿಮ್ಮಿಕೊಂಡು ಹೋಯಿತು. ದಡದಲ್ಲಿ ನಿಂತವರು ಶಿಳ್ಳೆ ಹೊಡೆದರು. ಅವನು ಮನೆಗೆ ಬಂದು ಮಗಳಿಗೆ, "ನಾಳೆ ಬೀಗ ಹಾಕ್ಬೇಡ, ನಾನೇ ಬರ್ತೀನಿ," ಅಂದುಬಿಟ್ಟ.

ಮರುದಿನ ಹೋಗುವಾಗ ಗಾಳಿಯ ವೇಗ. ಬರುವಾಗ ಪ್ರಾಣಸಂಕಟ. ಹೊರೆ ಬಿದ್ದೊಡನೆ ಎಂಜಿನ್ ಏದುಸಿರು ಬಿಟ್ಟಿತು, ಬೋಟು ಮೂತಿ ಎತ್ತಿ ಹಿಂದಕ್ಕೆ ಕೂತುಕೊಂಡಿತು. ಮೊದಲಿಗಿಂತಲೂ ತಡ.

"ಭಾವ, ಇಳಿದು ತಳ್ಳಲಾ?" ಅಂದ ಭಾಮೈದ.

"ಬಾಯ್ಮುಚ್ಚು."

"ರೆಕ್ಕೆ ಹಚ್ಚಿದ್ರಲ್ಲ, ಹಾರುತ್ತೆ ಅಂತ ಕಾಯ್ತಿದ್ದೀನಿ."

ಮನೆಗೆ ಬಂದರೆ ಬೀಗ. ಹುಡುಗಿ ಕಾದು ಕಾದು ಶಾಲೆಗೂ ತಡವಾಗಿ ಹೋಗಿ, ತರಗತಿಯ ಹೊರಗೆ ಶಿಕ್ಷೆಗೆ ನಿಂತಿದ್ದಳು ಅಂತ ಸಂಜೆ ಹೆಂಡತಿಯಿಂದ ತಿಳಿಯಿತು. ಅವಳು ಬೈಯಲಿಲ್ಲ. ಬೈಯುವ ತ್ರಾಣವೂ ಇರಲಿಲ್ಲ. ಐಸಿನಿಂದ ಬಿಳಚಿಕೊಂಡ ಬೆರಳುಗಳನ್ನು ಬಿಸಿನೀರಲ್ಲಿ ಅದ್ದಿಕೊಂಡು, "ಬರೋಕಾಗಲ್ಲ ಅಂದ್ರೆ ಬರ್ತೀನಿ ಅನ್ಬೇಡ್ರೀ," ಅಂದಳು. "ಅವಳು ನಂಬ್ತಾಳೆ."

ಅವನು ಎದ್ದು ಮತ್ತೆ ಅಂಗಡಿಗೆ ಹೋದ.

"ಕೆಟ್ಟ ಮಾಲು ಹಾಕಿದ್ಯಾ ಅಣ್ಣ?"

ರೇಡಿಯೋಗೆ ಸಿಟ್ಟು ಬಂತು. "ಸಂಜೆ ಕುದುರೆ ಥರ ಓಡ್ತಲ್ಲೋ! ತಳ ಮುಚ್ಚುವಷ್ಟು ಮೀನಿಗೆ ಅದು ಕುಸಿಯೋ ಮಾತೇ ಇಲ್ಲ. ನಿಜ ಹೇಳು, ಎಷ್ಟು ತರ್ತೀಯ?"

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ರೇಡಿಯೋ ಇದ್ದನಲ್ಲ, ಅಷ್ಟು ಸಾಕಿತ್ತು. ಅವನಿಗೆ ಬಂಡೆಯ ಪಕ್ಕದ ನೀರು ಕಣ್ಣ ಮುಂದೆ ಬಂತು. ತೊಟ್ಟಿಕ್ಕುವ ತಟ್ಟೆಯೂ ಬಂತು. ಮೈಯೆಲ್ಲ ಹಣ್ಣಾಗಿತ್ತು, ಸುಳ್ಳನ್ನು ಎತ್ತಿ ಹಿಡಿಯಲೂ ಕೈಗೆ ಬಲ ಸಾಲದು ಅನ್ನಿಸಿತು.

"ಅಂಚಿನವರೆಗೂ," ಅಂದ. "ದಿನಾ."

ರೇಡಿಯೋ ಸ್ಪ್ಯಾನರ್ ಕೆಳಗಿಟ್ಟ. "ಅಯ್ಯೋ ಕಳ್ಳಾ."

ತಿರುಚು ಕಡಿಮೆಯ, ಹೊರೆ ಎಳೆಯುವ ಪ್ರೊಪೆಲ್ಲರ್ ಬಂತು. ರೆಕ್ಕೆ ಹಾಗೇ ಉಳಿಯಿತು. ಐಸ್ ಪೆಟ್ಟಿಗೆಯನ್ನು ಹಿಂದಿನಿಂದ ಮುಂದಕ್ಕೆ ಸರಿಸಿದರು. ಮಾರನೆಯ ದಿನ ಅಂಚಿನವರೆಗೂ ತುಂಬಿದ ಬೋಟು ಮೂತಿ ಇಳಿಸಿಕೊಂಡು ನೆಟ್ಟಗೆ ಬಂತು. ಭಾಮೈದ ಖುಷಿಯಲ್ಲಿ ಕೂಗಿದ. ಆದರೆ ಅಂದು ಶಾಲೆಗೆ ರಜೆ, ಹುಡುಗಿ ಹೊದ್ದು ಮಲಗಿದ್ದಳು.

ಅದರ ಮರುದಿನ ಬಂಡೆಯ ಪಕ್ಕ ಬೆನ್ನು ಹತ್ತಿ ಬಂದ ಬೋಟುಗಳ ಸಂತೆ.

"ಭಾವ... ರೇಡಿಯೋಗೆ ಹೇಳಿದ್ರಾ?"

ಅವನು ಬಲೆ ಬಿಚ್ಚುತ್ತಲೇ ಇದ್ದ.

"ಅಕ್ಕನ ಮುಖ ನೋಡಿ ಸುಮ್ನಿದ್ದೀನಿ," ಅಂದ ಭಾಮೈದ. ಬಲೆಯಲ್ಲಿ ಸಿಕ್ಕಿದ್ದು ನಿಜಕ್ಕೂ ತಳ ಮುಚ್ಚುವಷ್ಟೇ. ದಾರಿಯುದ್ದಕ್ಕೂ ಭಾಮೈದ ಮುಖ ತಿರುಗಿಸಿ ಕೂತಿದ್ದ. ಧಕ್ಕೆ ಕಂಡಾಗ ಒಂದೇ ಮಾತು ಆಡಿದ: "ಇಷ್ಟೇ ಮೀನಿಗಾದ್ರೆ ಎಮ್ಮೆ ಹಳೇ ಚಪ್ಪಲೀಲೂ ಓಡ್ತಿತ್ತು. ಹೋಗಿ, ಇಳಿಸೋದು ನಾನು ನೋಡ್ಕೋತೀನಿ."

ಅವನು ಓಣಿ ತಿರುಗಿದಾಗ ಹುಡುಗಿ ತುದಿಗಾಲಲ್ಲಿ ನಿಂತು ಚಿಲಕಕ್ಕೆ ಬೀಗ ಸಿಕ್ಕಿಸುತ್ತಿದ್ದಳು.

"ಏಯ್!"

ತಿರುಗಿದಳು. ಕಣ್ಣರಳಿಸಿದಳು. ಅವನು ಹತ್ತಿರ ಬಂದೊಡನೆ ಎರಡೂ ಕೈ ಅಡ್ಡ ಹಿಡಿದಳು. "ದೂರ ದೂರ! ಯೂನಿಫಾರ್ಮ್ ವಾಸನೆ ಬರುತ್ತೆ!"

ಅವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ.

"ಎಷ್ಟು ಮೀನು ಸಿಕ್ತಪ್ಪಾ?"

"ಏನಿಲ್ಲಮ್ಮ, ಸುಮ್ನೆ ಹೋಗಿ ಬಂದೆ." ಆಡಿದ ಮೇಲೆ ಹೊಳೆಯಿತು, ಈ ಸಲ ಅದು ನಿಜ.

"ನಾಳೆನೂ ಬರ್ತೀಯಾ?"

ಬರ್ತೀನಿ ಅನ್ನಲು ಬಾಯಿ ತೆರೆದವನು ತಡೆದುಕೊಂಡ. ಹೆಂಡತಿಯ ಬಿಳಚಿದ ಬೆರಳು ನೆನಪಾಯಿತು. ಮೀನಿಗೆ ಬೇರೆ ಜಾಗ ಹುಡುಕಬೇಕು, ಅದು ಎಷ್ಟು ದೂರವೋ.

"ನೋಡೋಣ," ಅಂದ. "ಇವತ್ತಂತೂ ಬಂದಿದ್ದೀನಿ."

ಹುಡುಗಿ ಕೊರಳಿಂದ ದಾರ ತೆಗೆದು, ಮುಟ್ಟಿಸಿಕೊಳ್ಳದ ಹಾಗೆ ಕೀಲಿಯನ್ನು ಅವನ ಅಂಗೈಗೆ ಇಳಿಬಿಟ್ಟಳು. ಬೆಚ್ಚಗಿತ್ತು. ಬ್ಯಾಗು ಕುಣಿಸುತ್ತ ಓಡಿದಳು. ಓಣಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಾಗ ಅಪ್ಪ ಬಾಗಿಲಿಗೆ ಒರಗಿಕೊಂಡು, ಬಾಯಿ ತೆರೆದು, ನಿದ್ದೆ ಹೋಗಿದ್ದ.